ನಾಳೆಯ ಬಗ್ಗೆ ಜನ ಮಾತಾಡುವಂಥ ಪ್ರದರ್ಶನ ಕಟ್ಟುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರಲ್ ಮೋಟಾರ್ಸ್ ಕಂಪನಿ ‘ಫ್ಯೂಚರಾಮ’ ಎಂಬ ಪ್ರದರ್ಶನ ಇಟ್ಟಿತ್ತು. ವಿನ್ಯಾಸ ಮಾಡಿದವರು ನಾರ್ಮನ್ ಬೆಲ್ ಗೆಡ್ಡೆಸ್. ಜನ ಚಲಿಸುವ ಕುರ್ಚಿಗಳಲ್ಲಿ ಕೂತು, 1960ರ ಅಮೆರಿಕ ಹೀಗಿರುತ್ತದೆ ಎಂದು ತೋರಿಸುವ ದೊಡ್ಡ ಮಾದರಿಯನ್ನು ಮೇಲಿಂದ ನೋಡುತ್ತಾ ಸಾಗಬೇಕು. ಎಲ್ಲಿ ನೋಡಿದರೂ ಅಗಲವಾದ ಹೆದ್ದಾರಿ, ಸಾಲು ಸಾಲು ಕಾರು. ಹೊರಗೆ ಬಂದಾಗ ಕೈಗೆ ಒಂದು ಪುಟ್ಟ ಬಿಲ್ಲೆ ಸಿಗುತ್ತಿತ್ತು. ‘ನಾನು ಭವಿಷ್ಯವನ್ನು ನೋಡಿದ್ದೇನೆ’ ಎಂದು ಅದರ ಮೇಲೆ ಬರೆದಿತ್ತು.

ಭವಿಷ್ಯ ನೋಡಿಯಾಯಿತು, ಮುಗಿಯಿತು. ಅದು ನಿಮಗೆ ಬೇಕಾ ಎಂದು ಮಾತ್ರ ಯಾರೂ ಕೇಳಲಿಲ್ಲ.

ನಾಳೆಯ ಬಗ್ಗೆ ಇವತ್ತು ನಡೆಯುವ ಎಷ್ಟೋ ಪ್ರದರ್ಶನಗಳು ಈಗಲೂ ಇದೇ ದಾರಿಯಲ್ಲಿವೆ. ಕುರ್ಚಿಯ ಬದಲು ಟಚ್‌ಸ್ಕ್ರೀನ್ ಬಂದಿದೆ, ಅಷ್ಟೇ. ಬೆರಳಿಟ್ಟರೆ ಚಿತ್ರ ಬದಲಾಗುತ್ತದೆ, ಅದಕ್ಕೆ ‘ಸಂವಾದಾತ್ಮಕ’ ಎಂದು ಹೆಸರು. ಬೆರಳಿಗೂ ಗಾಜಿಗೂ ನಡುವೆ ಎಂಥ ಸಂವಾದ? ನನ್ನ ಅಳತೆ ಒಂದೇ: ಪರಿಚಯವಿಲ್ಲದ ಇಬ್ಬರು ಅದರ ಮುಂದೆ ನಿಂತು ಪರಸ್ಪರ ಮಾತಾಡಿದರಾ? ಭಿನ್ನಾಭಿಪ್ರಾಯ ಬಂದರೂ ಅಲ್ಲೇ ನಿಂತರಾ? ಮುಂದಿನ ಹಂತಗಳೆಲ್ಲ ಈ ಒಂದು ಗುರಿಗಾಗಿ.

ಗ್ರಂಥಾಲಯ, ಶಾಲೆ, ಸಮುದಾಯ ಭವನ, ವಸ್ತುಸಂಗ್ರಹಾಲಯದ ಒಂದು ಕೋಣೆ, ಎಲ್ಲಿ ಬೇಕಾದರೂ ಇದನ್ನು ಮಾಡಬಹುದು. ದುಡ್ಡು ಕಡಿಮೆ ಇದ್ದರೂ ನಡೆಯುತ್ತದೆ. ಸಮಯ ಕಡಿಮೆ ಇದ್ದರೆ ಮಾತ್ರ ಕಷ್ಟ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಸಮಾಜದ ಭವಿಷ್ಯ’ ಎಂದು ಬೋರ್ಡ್ ಹಾಕಿದರೆ ಯಾರೂ ಬಾಯಿ ಬಿಡುವುದಿಲ್ಲ. ಅಷ್ಟು ದೊಡ್ಡ ವಿಷಯಕ್ಕೆ ಥಟ್ಟನೆ ಹೇಳಲು ಯಾರ ಹತ್ತಿರ ಏನಿರುತ್ತದೆ? ಅದರ ಬದಲು ಹೀಗೆ ಕೇಳಿ ನೋಡಿ: ‘ನಿಮಗೆ ಎಂಬತ್ತಾದಾಗ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುವವರು ಯಾರು?’ ಒಬ್ಬರು ನಗುತ್ತಾರೆ, ಒಬ್ಬರು ಮುಖ ಗಂಟು ಹಾಕುತ್ತಾರೆ. ಆದರೆ ಎಲ್ಲರ ಹತ್ತಿರವೂ ಒಂದು ಮಾತಿರುತ್ತದೆ.

ಈ ಬರಹದುದ್ದಕ್ಕೂ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದು ಪೊಳ್ಳು ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಅರವತ್ತು ಮತ್ತು ಅದಕ್ಕೆ ಮೇಲಿನ ವಯಸ್ಸಿನವರು ಜಗತ್ತಿನಲ್ಲಿ 100 ಕೋಟಿ ಇದ್ದರು. 2050ರ ಹೊತ್ತಿಗೆ ಅವರು 210 ಕೋಟಿ ಆಗುತ್ತಾರೆ ಎಂಬುದು ಅದೇ ಸಂಸ್ಥೆಯ ಅಂದಾಜು. ಇಷ್ಟು ಜನರನ್ನು ಯಾರು ನೋಡಿಕೊಳ್ಳಬೇಕು? ಮಕ್ಕಳಾ, ಸರ್ಕಾರವಾ, ಸಂಬಳದ ಕೆಲಸಗಾರರಾ, ಯಂತ್ರವಾ?

ನಿಮ್ಮ ಪ್ರಶ್ನೆಯನ್ನು ಮೂರು ಕಡೆಯಿಂದ ತಟ್ಟಿ ನೋಡಿ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಉತ್ತರ ಸಿಕ್ಕಿಬಿಡುತ್ತದಾ? ಹಾಗಿದ್ದರೆ ಅದು ಮಾಹಿತಿಯ ಪ್ರಶ್ನೆ, ಚರ್ಚೆಯದ್ದಲ್ಲ. ಒಳ್ಳೆಯ ಮನಸ್ಸಿನ ಇಬ್ಬರು ಬೇರೆ ಬೇರೆ ಉತ್ತರ ಕೊಡಬಹುದಾ? ಕೊಡಲಾಗದಿದ್ದರೆ ನೀವು ಪ್ರಶ್ನೆ ಕೇಳುತ್ತಿಲ್ಲ, ಉಪದೇಶ ಮಾಡುತ್ತಿದ್ದೀರಿ. ಕೊನೆಯದಾಗಿ, ಬಂದವರು ತಮ್ಮ ಮನೆಯಲ್ಲಿ ಕಂಡದ್ದರಿಂದ ಒಂದು ಮಾತು ಸೇರಿಸಬಹುದಾ? ಮೂರರಲ್ಲಿ ಇದು ಎಲ್ಲಕ್ಕಿಂತ ಮುಖ್ಯ.

ಬರ್ಲಿನ್‌ನಲ್ಲಿ 2019ರಲ್ಲಿ ಬಾಗಿಲು ತೆರೆದ ‘ಫ್ಯೂಚುರಿಯಂ’ ಇಡೀ ಕಟ್ಟಡಕ್ಕೆ ‘ನಾವು ಹೇಗೆ ಬದುಕಲು ಬಯಸುತ್ತೇವೆ?’ ಎಂಬ ವಿಶಾಲ ಪ್ರಶ್ನೆ ಇಟ್ಟುಕೊಂಡಿದೆ. ಅದು ನಾಳೆಗಾಗಿಯೇ ಕಟ್ಟಿದ ಮನೆ. ಹಾಗಾಗಿ ಅವರಿಗೆ ನಡೆಯುತ್ತದೆ. ನಿಮ್ಮದು ಒಂದು ಕೋಣೆಯಾದರೆ ಒಂದು ಕೋಣೆಗೆ ಹಿಡಿಸುವ ಪ್ರಶ್ನೆ ಸಾಕು.

ಇಸವಿಯನ್ನೂ ಈಗಲೇ ಗೊತ್ತುಮಾಡಿ. ಐದು ವರ್ಷ ಎಂದರೆ ಜನ ಇವತ್ತಿನ ರಾಜಕೀಯಕ್ಕೆ ಇಳಿಯುತ್ತಾರೆ. ನೂರು ವರ್ಷ ಎಂದರೆ ‘ನಾವಂತೂ ಇರಲ್ಲ ಬಿಡಿ’ ಎನ್ನುತ್ತಾರೆ. ಇಪ್ಪತ್ತರಿಂದ ಇಪ್ಪತ್ತೈದು ವರ್ಷ ಹದವಾದ ದೂರ. ಜಗತ್ತು ಬದಲಾಗಿರುತ್ತದೆ, ನೋಡುವವರಲ್ಲಿ ಬಹಳಷ್ಟು ಜನ ಅದರಲ್ಲಿ ಬದುಕಿಯೂ ಇರುತ್ತಾರೆ.

ಹಂತ 2: ಪೆನ್ಸಿಲ್ ಹಿಡಿಯುವ ಮೊದಲು ಕೇಳಿಸಿಕೊಳ್ಳಿ

ಈ ವಿಷಯ ಯಾರ ಬದುಕನ್ನು ಮುಟ್ಟುತ್ತದೋ ಅವರ ಜೊತೆ ಕೂತು ಮಾತಾಡಿ. ನಮ್ಮ ಉದಾಹರಣೆಯಲ್ಲಿ ನರ್ಸ್, ಮನೆಯಲ್ಲೇ ತಾಯಿಯನ್ನು ನೋಡಿಕೊಳ್ಳುವ ಮಗ, ಒಬ್ಬರೇ ಇರುವ ಅಜ್ಜಿ, ಕೆಲಸ ಹುಡುಕುತ್ತಿರುವ ಹುಡುಗಿ. ಹತ್ತು ಹನ್ನೆರಡು ಜನ ಸಿಕ್ಕರೂ ಸಾಕು. ‘ಭವಿಷ್ಯ ಹೇಗಿರಬೇಕು?’ ಎಂದು ಕೇಳಬೇಡಿ. ‘ಕಳೆದ ವಾರ ಯಾವುದು ಕಷ್ಟವಾಯಿತು? ಈ ವಿಷಯಕ್ಕೆ ಮನೆಯಲ್ಲಿ ಯಾವಾಗ ಜಗಳವಾಗುತ್ತದೆ?’ ಎಂದು ಕೇಳಿ. ಆ ಜಗಳಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಪ್ರದರ್ಶನಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಇದೇ. ತಜ್ಞರ ವರದಿ ಓದುವುದು ಆಮೇಲೆ. ಅದೂ ನೀವು ಹೇಳುವುದರಲ್ಲಿ ತಪ್ಪು ನುಸುಳದಿರಲಿ ಎಂದು.

ಹಂತ 3: ಒಂದೇ ನಾಳೆ ತೋರಿಸಬೇಡಿ

ಒಂದು ಭವಿಷ್ಯ ತೋರಿಸಿದರೆ ಅದು ಜಾಹೀರಾತು ಅಥವಾ ಬೆದರಿಕೆ ಆಗುತ್ತದೆ. ಎರಡು ತೋರಿಸಿದರೆ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಆಗಿಬಿಡುತ್ತದೆ. ಮೂರು ನಾಲ್ಕು ಇದ್ದಾಗಲೇ ಜನ ಹೋಲಿಸಿ ನೋಡಲು ಶುರುಮಾಡುವುದು.

ಇದಕ್ಕೊಂದು ಹಳೆಯ, ಕೆಲಸಕ್ಕೆ ಬರುವ ಚೌಕಟ್ಟಿದೆ. ಹವಾಯಿ ವಿಶ್ವವಿದ್ಯಾಲಯದ ಜಿಮ್ ಡೇಟರ್ ಅವರದು. ಜನ ನಾಳೆಯ ಬಗ್ಗೆ ಹೇಳುವ ಕಥೆಗಳನ್ನೆಲ್ಲ ಅವರು ನಾಲ್ಕು ಗುಂಪು ಮಾಡಿದರು: ಈಗಿನದೇ ಬೆಳೆಯುತ್ತಾ ಹೋಗುವುದು, ಕುಸಿಯುವುದು, ಒಂದು ಶಿಸ್ತಿಗೆ ಒಳಗಾಗುವುದು, ಪೂರ್ತಿ ರೂಪ ಬದಲಾಗುವುದು. 2006ರಲ್ಲಿ ‘ಹವಾಯಿ 2050’ ಎಂಬ ಕಾರ್ಯಕ್ರಮದಲ್ಲಿ ಸ್ಟುವರ್ಟ್ ಕ್ಯಾಂಡಿ, ಜೇಕ್ ಡುನಾಗನ್ ಮತ್ತು ಅವರ ಜೊತೆಯವರು ಇದನ್ನು ಕಾಗದದಿಂದ ಕೋಣೆಗೆ ತಂದರು. ನಾಲ್ಕು ಕೋಣೆ, ನಾಲ್ಕು ಬೇರೆ ಬೇರೆ 2050. ಬಂದವರು ವರದಿ ಓದಲಿಲ್ಲ, ಕೋಣೆಯೊಳಗೆ ಹೋಗಿ ಆ ಕಾಲದಲ್ಲಿ ಸ್ವಲ್ಪ ಹೊತ್ತು ಇದ್ದು ಬಂದರು. ಆಮೇಲೆ ಕೂತು ಮಾತಾಡಿದರು.

ನಮ್ಮ ಪ್ರಶ್ನೆಗೆ ಈ ನಾಲ್ಕು ಹೀಗಾಗಬಹುದು. ಮೊದಲನೆಯದರಲ್ಲಿ ಆರೈಕೆ ದೊಡ್ಡ ವ್ಯಾಪಾರ, ದುಡ್ಡಿಗೆ ತಕ್ಕ ಸೇವೆ. ಎರಡನೆಯದರಲ್ಲಿ ಪಿಂಚಣಿ ನಿಂತಿದೆ, ಅಕ್ಕಪಕ್ಕದ ಮನೆಯವರೇ ಗತಿ. ಮೂರನೆಯದರಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಇಷ್ಟು ಗಂಟೆ ಹಿರಿಯರ ಸೇವೆ ಮಾಡಲೇಬೇಕು ಎಂಬ ಕಾನೂನು ಬಂದಿದೆ. ನಾಲ್ಕನೆಯದರಲ್ಲಿ ಮನೆಗೊಂದು ರೋಬೋ.

ಒಂದು ನಿಯಮ ಮಾತ್ರ ಬಿಡಬೇಡಿ. ಪ್ರತಿ ಲೋಕದಲ್ಲೂ ಸುಖವಾಗಿರುವವರು ಒಬ್ಬರು, ಪೆಟ್ಟು ತಿಂದವರು ಒಬ್ಬರು ಇರಲೇಬೇಕು. ಕುಸಿದ ಲೋಕದಲ್ಲೂ ಯಾರಿಗೋ ಈಗಿರುವುದಕ್ಕಿಂತ ಜಾಸ್ತಿ ಗೆಳೆಯರಿರಬಹುದು, ಅಲ್ವಾ? ನಿಮಗೆ ಯಾವುದು ಇಷ್ಟ ಎಂದು ನೋಡುವವರಿಗೆ ಗೊತ್ತಾಗಿಬಿಟ್ಟರೆ ಅವರು ನಿಮ್ಮನ್ನು ಮೆಚ್ಚಿಸುವ ಉತ್ತರ ಕೊಟ್ಟು ಹೋಗುತ್ತಾರೆ.

ಜಾಗ ಕಡಿಮೆಯಾ? ನಾಲ್ಕು ಕೋಣೆ ಬೇಡ, ನಾಲ್ಕು ಮೇಜು ಸಾಕು. ಎರಡು ಲೋಕ ಕೈಬಿಟ್ಟರೂ ಪರವಾಗಿಲ್ಲ. ಹಾಗೆ ಮಾಡಿದರೆ ಯಾವುದು ಒಳ್ಳೆಯದು ಎಂದು ನಿಮ್ಮೊಳಗೇ ಜಗಳವಿರುವ ಎರಡನ್ನು ಉಳಿಸಿಕೊಳ್ಳಿ.

ಹಂತ 4: ನಾಳೆಯ ಸಾಮಾನು ತಯಾರಿಸಿ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ದೊಡ್ಡ ಫಲಕದಲ್ಲಿ ‘2045ರಲ್ಲಿ ಆರೈಕೆ ಹೀಗಿರುತ್ತದೆ’ ಎಂದು ಬರೆದರೆ ಜನ ಓದಿ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಆ ಕಾಲದ ಒಂದು ಸಾಮಾನ್ಯ ವಸ್ತುವನ್ನು ಕೈಗೆ ಕೊಟ್ಟರೆ ಕಥೆಯನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಲಂಡನ್ನಿನ ‘ಸೂಪರ್‌ಫ್ಲಕ್ಸ್’ ಸ್ಟುಡಿಯೋದ ಅನಬ್ ಜೈನ್ ಮತ್ತು ಜಾನ್ ಆರ್ಡರ್ನ್ 2017ರಲ್ಲಿ ಬಾರ್ಸಿಲೋನಾದ ಸಮಕಾಲೀನ ಸಂಸ್ಕೃತಿ ಕೇಂದ್ರದಲ್ಲಿ 2050ರ ಒಂದು ಲಂಡನ್ ಫ್ಲ್ಯಾಟ್ ಕಟ್ಟಿದರು. ಹವಾಮಾನ ಕೆಟ್ಟು ಆಹಾರ ಸಿಗುವುದು ಕಷ್ಟವಾದ ಕಾಲದ ಮನೆ ಅದು. ಒಳಗೆ ಆಹಾರ ಬೆಳೆಸುವ ಸಲಕರಣೆಗಳಿದ್ದವು. ಯಾವ ಭಾಷಣವೂ ಬೇಕಾಗಲಿಲ್ಲ. ಅಡುಗೆಮನೆಯೇ ಎಲ್ಲ ಹೇಳುತ್ತಿತ್ತು. ಇದೇ ಸ್ಟುಡಿಯೋ ಯುಎಇ ಸರ್ಕಾರದವರಿಗೆ ಇಂಧನ ನೀತಿಯ ಬಗ್ಗೆ ಕೆಲಸ ಮಾಡುವಾಗ, ಮುಂದಿನ ವರ್ಷಗಳ ಕಲುಷಿತ ಗಾಳಿ ಹೇಗಿರಬಹುದು ಎಂದು ತಯಾರಿಸಿ ಅಧಿಕಾರಿಗಳಿಗೆ ಮೂಸಿ ನೋಡಲು ಕೊಟ್ಟಿತ್ತು. ಪಟ್ಟಿ, ನಕ್ಷೆ ತೋರಿಸಿ ಆಗದ ಕೆಲಸ ಒಂದು ಉಸಿರಿನಲ್ಲಿ ಆಯಿತು.

ನಿಮಗೆ ಫ್ಲ್ಯಾಟ್ ಕಟ್ಟುವಷ್ಟು ಅನುಕೂಲ ಇಲ್ಲದಿರಬಹುದು. ಒಂದು ಪಾಸ್‌ಬುಕ್ ಅಂತೂ ಮಾಡಬಹುದು. ಕಡ್ಡಾಯ ಸೇವೆಯ ಲೋಕಕ್ಕೆ ‘ಆರೈಕೆ ಗಂಟೆ ಖಾತೆ’ ಎಂಬ ಹಳೇ ಬ್ಯಾಂಕ್ ಪಾಸ್‌ಬುಕ್ ಥರದ್ದು. ಒಳಗಿನ ಸಾಲುಗಳು ಹೀಗಿರಲಿ:

ಮಾರ್ಚ್ 3, 2045. ಮೇಲಿನ ಮನೆಯ ಹಿರಿಯರ ಜೊತೆ ಆಸ್ಪತ್ರೆಗೆ. ಜಮಾ 3 ಗಂಟೆ.
ಮಾರ್ಚ್ 9. ರಾತ್ರಿ ಪಾಳಿ. ಜಮಾ 8 ಗಂಟೆ.
ಮಾರ್ಚ್ 10. ಸ್ವಂತ ತಾಯಿಯ ಆರೈಕೆ. ಲೆಕ್ಕಕ್ಕೆ ಬರುವುದಿಲ್ಲ.
ಮಾರ್ಚ್ 22. ಅಣ್ಣನ ಖಾತೆಗೆ 20 ಗಂಟೆ ವರ್ಗಾವಣೆ ಕೋರಿಕೆ. ತಿರಸ್ಕೃತ.

ಮೂರನೆಯ ಸಾಲು ನೋಡಿ. ಸ್ವಂತ ತಾಯಿಯನ್ನು ನೋಡಿಕೊಂಡದ್ದು ಲೆಕ್ಕಕ್ಕಿಲ್ಲವಾ? ಅಲ್ಲಿ ಶುರುವಾಗುತ್ತದೆ ಮಾತು. ‘ಇದು ಅನ್ಯಾಯ’ ಎನ್ನುವವರು ಒಬ್ಬರು. ‘ಅಮ್ಮನನ್ನು ನೋಡಿಕೊಳ್ಳುವುದಕ್ಕೂ ಕೂಲಿ ಕೇಳ್ತೀರಾ?’ ಎನ್ನುವವರು ಇನ್ನೊಬ್ಬರು. ಕೊನೆಯ ಸಾಲು ಮತ್ತೊಂದು ಬಾಗಿಲು ತೆರೆಯುತ್ತದೆ: ದುಡ್ಡಿರುವವರು ಗಂಟೆಗಳನ್ನೂ ಕೊಂಡುಕೊಳ್ಳಬಹುದಾ? ಒಂದು ಪುಟ್ಟ ಪುಸ್ತಕ, ನಾಲ್ಕು ಸಾಲು. ಇಷ್ಟರಲ್ಲಿ ಒಂದು ಕಾನೂನಿನ ಒಳಸುಳಿಯೆಲ್ಲ ಹೊರಗೆ ಬಂತು.

ಇಂಥ ವಸ್ತು ಮಾಡುವಾಗ ಗಮನಿಸಬೇಕಾದವು ಕೆಲವಿವೆ. ಸಾಮಾನು ಸ್ವಲ್ಪ ಬಳಸಿದಂತಿರಲಿ. ಮೂಲೆ ಮಡಚಿರಲಿ, ಮೇಲೊಂದು ಕಾಫಿ ಕಲೆ ಇರಲಿ. ಫಳಫಳ ಹೊಳೆಯುವ ವಸ್ತು ನಾಳೆಯದಲ್ಲ, ಅಂಗಡಿಯದು. ದಿನಬಳಕೆಯ ರೂಪಗಳನ್ನೇ ಆರಿಸಿ: ರಸೀದಿ, ಔಷಧಿ ಚೀಟಿ, ಶಾಲೆಯಿಂದ ಬಂದ ನೋಟೀಸ್, ಬಾಡಿಗೆ ಕರಾರು, ಫ್ರಿಜ್ ಬಾಗಿಲಿನ ಚೀಟಿ. ಇವನ್ನು ಓದುವುದು ಎಲ್ಲರಿಗೂ ಅಭ್ಯಾಸ, ವಿವರಣೆ ಬೇಡ. ಪ್ರತಿ ವಸ್ತುವಿನಲ್ಲೂ ಒಂದೇ ಒಂದು ಕಿರಿಕಿರಿ ಇರಲಿ, ಪಾಸ್‌ಬುಕ್ಕಿನ ಮೂರನೆಯ ಸಾಲಿನಂತೆ. ಐದು ಇಟ್ಟರೆ ತಮಾಷೆಯಾಗುತ್ತದೆ. ಕಾಗದದ ಸಾಮಾನಿಗೆ ಹತ್ತಾರು ಪ್ರತಿ ಮಾಡಿಟ್ಟುಕೊಳ್ಳಿ. ಜನ ಮುಟ್ಟುತ್ತಾರೆ, ಹರಿಯುತ್ತಾರೆ, ಜೇಬಿಗೂ ಹಾಕಿಕೊಳ್ಳುತ್ತಾರೆ. ಜೇಬಿಗೆ ಹಾಕಿಕೊಂಡರೆ ಖುಷಿಪಡಿ, ಮಾತು ಮನೆಗೂ ಹೋಯಿತು.

ಒಂದು ಎಚ್ಚರಿಕೆ. ನಕಲಿ ವಸ್ತುವನ್ನು ನಿಜ ಎಂದು ನಂಬಿಸಬೇಡಿ. ನಿಜವಾದ ಸರ್ಕಾರಿ ಮುದ್ರೆ, ನಿಜವಾದ ಕಂಪನಿಯ ಲಾಂಛನ ಬಳಸಬೇಡಿ. ಹಿಂಬದಿಯಲ್ಲಿ ‘ಇದು ಕಲ್ಪನೆ, ಪ್ರದರ್ಶನಕ್ಕಾಗಿ ಮಾಡಿದ್ದು’ ಎಂದು ಅಚ್ಚುಹಾಕಿಸಿ. ಫೋಟೋ ತೆಗೆದು ಹಂಚಿಕೊಂಡರೆ ಅದು ಸುದ್ದಿಯಾಗಿ ಹರಡಲು ಒಂದು ಸಂಜೆ ಸಾಕು.

ಹಂತ 5: ಕೈಗೆ ಒಂದು ತೀರ್ಮಾನ ಕೊಡಿ

ನೋಡಿದ್ದಾಯಿತು. ಈಗ ಬಂದವರು ಏನಾದರೂ ಮಾಡಬೇಕು. ಮಾಡುವುದು ಸುಲಭವಿರಲಿ, ತೀರ್ಮಾನಿಸುವುದು ಕಷ್ಟವಿರಲಿ. ಈ ಎರಡನ್ನು ತಿರುಗಾಮುರುಗಾ ಮಾಡಿದ ಪ್ರದರ್ಶನಗಳೇ ಜಾಸ್ತಿ: ಆ್ಯಪ್ ಹಾಕಿಕೊಳ್ಳಿ, ಲಾಗಿನ್ ಆಗಿ, ಆಮೇಲೆ ‘ಪರಿಸರ ಮುಖ್ಯವೇ? ಹೌದು/ಇಲ್ಲ’.

1970ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಹಾನ್ಸ್ ಹಾಕೆ ಎಂಬ ಕಲಾವಿದ ಪಾರದರ್ಶಕವಾದ ಎರಡು ಮತಪೆಟ್ಟಿಗೆ ಇಟ್ಟರು. ಅಧ್ಯಕ್ಷ ನಿಕ್ಸನ್ನರ ಇಂಡೋಚೀನಾ ನೀತಿಯನ್ನು, ಅಂದರೆ ವಿಯೆಟ್ನಾಂ ಸುತ್ತಲಿನ ಯುದ್ಧವನ್ನು, ನ್ಯೂಯಾರ್ಕ್ ಗವರ್ನರ್ ರಾಕ್‌ಫೆಲ್ಲರ್ ಖಂಡಿಸಿಲ್ಲ. ನವೆಂಬರ್‌ನಲ್ಲಿ ಅವರಿಗೆ ವೋಟು ಹಾಕದಿರಲು ನಿಮಗೆ ಇದು ಕಾರಣವಾಗುತ್ತದಾ? ಇದು ಪ್ರಶ್ನೆ. ರಾಕ್‌ಫೆಲ್ಲರ್ ಕುಟುಂಬಕ್ಕೂ ಆ ಮ್ಯೂಸಿಯಮ್ಮಿಗೂ ಹತ್ತಿರದ ನಂಟಿತ್ತು ಎಂಬುದು ಅದರ ಮೊನೆ. ‘ಹೌದು’ ಪೆಟ್ಟಿಗೆಯಲ್ಲಿ ಬಿದ್ದ ಚೀಟಿಗಳು ‘ಇಲ್ಲ’ ಪೆಟ್ಟಿಗೆಯ ಎರಡರಷ್ಟಕ್ಕಿಂತ ಹೆಚ್ಚಿದ್ದವು. ಪೆಟ್ಟಿಗೆ ಪಾರದರ್ಶಕ, ಹಾಗಾಗಿ ಯಾವ ಕಡೆ ತುಂಬುತ್ತಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಇಲ್ಲಿ ಯಂತ್ರ ಎಂದರೆ ಒಂದು ಗಾಜಿನಂಥ ಡಬ್ಬಿ, ಅಷ್ಟೇ. 2015ರಲ್ಲಿ ಲಂಡನ್ನಿನ ‘ಹಬ್ಬಬ್’ ಸಂಸ್ಥೆ ಬೀದಿಯಲ್ಲಿಟ್ಟ ಸಿಗರೇಟು ತುಂಡಿನ ಡಬ್ಬಿಯದೂ ಇದೇ ಉಪಾಯ. ಪ್ರಶ್ನೆ ಮೇಲೆ, ಎರಡು ಖಾನೆ ಕೆಳಗೆ, ತುಂಡೇ ವೋಟು.

ಆದರೆ ಬರೀ ಎಣಿಕೆ ಮಾತಾಗುವುದಿಲ್ಲ. ನಮ್ಮ ರೋಬೋ ಲೋಕಕ್ಕೆ ಒಂದು ಮರದ ಪೆಟ್ಟಿಗೆ ಮಾಡೋಣ. ಮೇಲೆ ಹೀಗಿದೆ: ‘ಅಜ್ಜಿ ಮಾತ್ರೆ ಬೇಡ ಎನ್ನುತ್ತಾರೆ. ರೋಬೋ ಏನು ಮಾಡಬೇಕು?’ ತಿರುಗಿಸುವ ಒಂದು ಗುಂಡಿ, ಮೂರು ನಿಲುಗಡೆ: ಸುಮ್ಮನಿರಲಿ, ಮತ್ತೆ ಮತ್ತೆ ಕೇಳಲಿ, ಮಕ್ಕಳಿಗೆ ಫೋನ್ ಮಾಡಲಿ. ನಾಲ್ಕನೆಯದು ಬೇಡ. ‘ಸಂದರ್ಭ ನೋಡಿ’ ಎಂಬ ನಿಲುಗಡೆ ಇಟ್ಟರೆ ಎಲ್ಲರೂ ಅಲ್ಲೇ ನಿಲ್ಲುತ್ತಾರೆ.

ಈಗ ಚಿಕ್ಕ ಚಾಲಾಕಿ. ಗುಂಡಿ ತಾನಾಗಿ ಮೊದಲಿನ ಜಾಗಕ್ಕೆ ಮರಳಬಾರದು. ಹಿಂದೆ ಬಂದವರು ಎಲ್ಲಿ ಬಿಟ್ಟರೋ ಅಲ್ಲೇ ಇರಲಿ. ಮುಂದೆ ಬರುವವರ ಕಣ್ಣಿಗೆ ಬೀಳುವುದು ಯಾರೋ ಮಾಡಿದ ತೀರ್ಮಾನ. ಅದನ್ನು ಬದಲಿಸಬೇಕಾ, ಬಿಡಬೇಕಾ? ಬದಲಿಸಿದರೆ ಪಕ್ಕದ ಚೀಟಿಯಲ್ಲಿ ಕಾರಣ ಬರೆದು ತೂಗುಹಾಕಬೇಕು. ಹಿಂದಿನವರ ಕಾರಣದ ಚೀಟಿ ಅಲ್ಲೇ ತೂಗುತ್ತಿರುತ್ತದೆ. ‘ನನ್ನ ದೇಹ, ನನ್ನಿಷ್ಟ’ ಎಂದು ಒಂದು. ಅದರ ಕೆಳಗೆ ‘ಬಿದ್ದರೆ ಆಸ್ಪತ್ರೆಗೆ ಓಡುವವಳು ನಾನು’ ಎಂದು ಇನ್ನೊಂದು. ಒಬ್ಬರನ್ನೊಬ್ಬರು ನೋಡದೆಯೇ ವಾದ ಶುರುವಾಯಿತು.

ಇದನ್ನೇ ಇಬ್ಬರು ಆಡುವಂತೆಯೂ ಮಾಡಬಹುದು. ಮೇಜಿನ ಎದುರುಬದುರು ಎರಡು ಗುಂಡಿ. ಒಂದು ಕಡೆ ‘ಅಜ್ಜಿ’, ಇನ್ನೊಂದು ಕಡೆ ‘ಮಗಳು’. ಎರಡೂ ಒಂದೇ ನಿಲುಗಡೆಗೆ ಬಂದರೆ ಮಾತ್ರ ನಡುವಿನ ದೀಪ ಹತ್ತುತ್ತದೆ. ಒಬ್ಬರೇ ಬಂದವರು ಪಕ್ಕದಲ್ಲಿರುವ ಅಪರಿಚಿತರನ್ನು ಕರೆಯಲೇಬೇಕು. ಅರವತ್ತರವರನ್ನು ಮಗಳ ಕುರ್ಚಿಯಲ್ಲಿ, ಹದಿನೆಂಟರವರನ್ನು ಅಜ್ಜಿಯ ಕುರ್ಚಿಯಲ್ಲಿ ಕೂರಿಸಿದರೆ ಇನ್ನೂ ಚೆನ್ನ. ಒಳಗಿನ ವೈರಿಂಗ್ ಸರಳ, ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ದಿನದಲ್ಲಿ ಮುಗಿಸುವ ಕೆಲಸ.

ಬರೆಸುವುದಾದರೆ ಖಾಲಿ ಹಾಳೆ ಕೊಡಬೇಡಿ, ಅರ್ಧ ವಾಕ್ಯ ಕೊಡಿ. ಕಲಾವಿದೆ ಕ್ಯಾಂಡಿ ಚಾಂಗ್ 2011ರಲ್ಲಿ ನ್ಯೂ ಆರ್ಲಿಯನ್ಸಿನ ಒಂದು ಪಾಳುಮನೆಯ ಗೋಡೆಗೆ ಕಪ್ಪುಹಲಗೆಯ ಬಣ್ಣ ಬಳಿದು, ‘ಸಾಯುವ ಮೊದಲು ನನಗೆ... ಆಸೆ’ ಎಂದು ಸಾಲು ಸಾಲಾಗಿ ಅಚ್ಚು ಹೊಡೆದು, ಸೀಮೆಸುಣ್ಣ ಇಟ್ಟರು. ಮರುದಿನದ ಹೊತ್ತಿಗೆ ಗೋಡೆ ತುಂಬಿತ್ತು. ಅದರ ನಂತರ ಎಷ್ಟೋ ದೇಶಗಳಲ್ಲಿ ಅಂಥ ಗೋಡೆ ಎದ್ದಿವೆ. ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂಬ ಪೆಟ್ಟಿಗೆ ಇಟ್ಟಿದ್ದರೆ ಹೀಗಾಗುತ್ತಿತ್ತಾ? ನಮ್ಮ ಪ್ರದರ್ಶನಕ್ಕೆ: ‘ನನಗೆ ವಯಸ್ಸಾದಾಗ ಯಾರೂ ನನ್ನಿಂದ ... ಕಿತ್ತುಕೊಳ್ಳಬಾರದು.’

ಇಡೀ ದೇಹವನ್ನೇ ಬಳಸುವ ಇನ್ನೊಂದು ಆಟವಿದೆ. ಡಚ್ ಚಿಂತಕ ಫ್ರೆಡ್ ಪೋಲಾಕ್ ಅವರ ವಿಚಾರದಿಂದ ಬಂದದ್ದು, ‘ಪೋಲಾಕ್ ಆಟ’ ಎಂದೇ ಹೆಸರು. ನೆಲದ ಮೇಲೆ ಟೇಪಿನಿಂದ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆಯಿರಿ. ಅಡ್ಡ ಗೆರೆಯ ತುದಿಗಳಲ್ಲಿ ‘ಮುಂದೆ ಸುಧಾರಿಸುತ್ತದೆ’, ‘ಮುಂದೆ ಕೆಡುತ್ತದೆ’. ಉದ್ದ ಗೆರೆಯಲ್ಲಿ ‘ನಾನು ಏನಾದರೂ ಮಾಡಬಲ್ಲೆ’, ‘ನನ್ನ ಕೈಯಲ್ಲಿ ಏನೂ ಇಲ್ಲ’. ನಿಮ್ಮ ಜಾಗದಲ್ಲಿ ಹೋಗಿ ನಿಲ್ಲಿ, ಪಕ್ಕದವರನ್ನು ಯಾಕೆ ಇಲ್ಲಿ ನಿಂತಿರಿ ಎಂದು ಕೇಳಿ. ಮಾತು ಮುಗಿದ ಮೇಲೆ ಜಾಗ ಬದಲಿಸಲೂಬಹುದು. ಖರ್ಚು ಒಂದು ರೋಲ್ ಟೇಪು. ಪ್ರವೇಶದಲ್ಲೊಮ್ಮೆ, ಹೊರಹೋಗುವಲ್ಲಿ ಇನ್ನೊಮ್ಮೆ ಇಟ್ಟರೆ ಪ್ರದರ್ಶನ ಅವರನ್ನು ಅಲುಗಾಡಿಸಿತಾ ಎಂದೂ ಗೊತ್ತಾಗುತ್ತದೆ.

ಹಂತ 6: ನಿಲ್ಲಲು, ಕೂರಲು, ಕೇಳಿಸಿಕೊಳ್ಳಲು ಜಾಗ

ಪ್ರದರ್ಶನ ಯಾವ ವಿಷಯದ್ದೇ ಆಗಲಿ, ಎಷ್ಟೇ ದೊಡ್ಡದಿರಲಿ, ಜನ ಅದರಲ್ಲಿ ಸಾಮಾನ್ಯವಾಗಿ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಹೊತ್ತು ಇರುತ್ತಾರೆ. ಅಮೆರಿಕದ ಬೆವರ್ಲಿ ಸೆರೆಲ್ 1990ರ ದಶಕದಲ್ಲಿ ಹತ್ತಾರು ಪ್ರದರ್ಶನಗಳಲ್ಲಿ ಜನರನ್ನು ಗಮನಿಸಿ ಕಂಡುಕೊಂಡದ್ದು ಇದು. ಆದ್ದರಿಂದ ಹದಿನೈದು ಕಡೆ ನಿಲ್ಲಿಸಬೇಡಿ, ಐದಾರು ಸಾಕು. ಉಳಿದ ಜಾಗವನ್ನು ಮಾತಿಗೆ ಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಪೀಠೋಪಕರಣ ಕುರ್ಚಿ. ಗೋಡೆಗೆ ಮುಖಮಾಡಿದ ಬೆಂಚು ಬೇಡ. ಎದುರುಬದುರು ಇಲ್ಲವೇ ಮೂಲೆಯಲ್ಲಿ ಇಂಗ್ಲಿಷಿನ ‘ಎಲ್’ ಆಕಾರದಲ್ಲಿ ಹಾಕಿ. ದೊಡ್ಡ ದನಿಯ ವಿಡಿಯೋ ಕೋಣೆಯಲ್ಲಿ ಒಂದೇ ಒಂದಿದ್ದರೂ ಮಾತು ಸಾಯುತ್ತದೆ. ಶಬ್ದ ಬೇಕೇಬೇಕಾದರೆ ಕಿವಿಗೆ ಹಿಡಿದು ಕೇಳುವ ಹಳೇ ಫೋನ್ ರಿಸೀವರ್ ಇಡಿ. ಹೆಡ್‌ಫೋನ್ ಹಾಕಿದವರು ಬೇರೆಯೇ ಲೋಕಕ್ಕೆ ಹೋಗಿಬಿಡುತ್ತಾರೆ.

ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಕನಿಷ್ಠ 90 ಸೆಂಟಿಮೀಟರ್, ತಿರುಗಲು ಸುಮಾರು 150 ಸೆಂಟಿಮೀಟರ್ ಜಾಗ ಬೇಕು. ಮೇಜಿನ ಎತ್ತರ 71ರಿಂದ 86 ಸೆಂಟಿಮೀಟರ್ ಒಳಗಿರಲಿ, ಕೆಳಗೆ ಮೊಣಕಾಲು ಹೋಗುವಂತಿರಲಿ. ಗೋಡೆಯ ಫಲಕದ ನಡುಭಾಗ ನೆಲದಿಂದ 137 ಸೆಂಟಿಮೀಟರ್ ಸುಮಾರಿಗೆ ಬಂದರೆ ನಿಂತವರಿಗೂ ಕೂತವರಿಗೂ ಓದಲು ಆಗುತ್ತದೆ. ವಯಸ್ಸಿನ ಬಗ್ಗೆ ಪ್ರದರ್ಶನ ಮಾಡಿ ವಯಸ್ಸಾದವರೇ ಓದಲಾಗದಂಥ ಅಕ್ಷರ ಹಾಕಿದರೆ ಏನು ಚೆನ್ನ?

ಹಂತ 7: ಕಡಿಮೆ ಬರೆಯಿರಿ

ಒಂದು ಫಲಕಕ್ಕೆ ಐವತ್ತು ಪದದ ಆಸುಪಾಸು. ಮೊದಲ ಸಾಲಿನಲ್ಲೇ ವಿಷಯ. ಗಟ್ಟಿಯಾಗಿ ಓದಿ ನೋಡಿ, ಉಸಿರು ಸಿಕ್ಕಿಹಾಕಿಕೊಂಡರೆ ತುಂಡು ಮಾಡಿ. ‘ಸುಸ್ಥಿರ’, ‘ಬಹುಆಯಾಮ’ ಥರದ ಪದಗಳನ್ನು ಹೊಡೆದುಹಾಕಿ. ಇಷ್ಟೇ.

ಹಂತ 8: ರಟ್ಟಿನಲ್ಲಿ ಮಾಡಿ, ಜನರ ಮುಂದಿಡಿ

ಪ್ಲೈವುಡ್ ಕತ್ತರಿಸುವ ಮೊದಲು ಎಲ್ಲವನ್ನೂ ರಟ್ಟು, ಟೇಪು, ಸ್ಕೆಚ್ ಪೆನ್ನಿನಲ್ಲಿ ಮಾಡಿ. ನಿಮಗೆ ಪರಿಚಯವಿಲ್ಲದ ಏಳೆಂಟು ಜನರನ್ನು ಒಬ್ಬೊಬ್ಬರಾಗಿ, ಆಮೇಲೆ ಜೋಡಿಯಾಗಿ ಕರೆದು ಮುಂದೆ ಬಿಡಿ. ವಿವರಿಸಬೇಡಿ. ಬಾಯಿ ಮುಚ್ಚಿಕೊಂಡು ನಿಲ್ಲುವುದೇ ಇಲ್ಲಿ ಕಷ್ಟದ ಕೆಲಸ. ಮೊದಲು ಕೈ ಎಲ್ಲಿಗೆ ಹೋಯಿತು? ಎಲ್ಲಿ ಹುಬ್ಬು ಗಂಟಿಕ್ಕಿತು? ಎಲ್ಲಿ ಒಬ್ಬರು ಇನ್ನೊಬ್ಬರ ಕಡೆ ತಿರುಗಿದರು? ಆ ತಿರುಗಿದ ಕ್ಷಣವನ್ನು ಗುರುತು ಹಾಕಿಕೊಳ್ಳಿ. ಒಂದು ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅದನ್ನು ಬದಲಿಸಿ. ನಮ್ಮ ಗುಂಡಿ ಪೆಟ್ಟಿಗೆಯಲ್ಲಿ ಎಲ್ಲರೂ ‘ಮಕ್ಕಳಿಗೆ ಫೋನ್’ ಎಂದರೆ, ಮಾತ್ರೆಯ ಜಾಗದಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ ಕದ್ದು ತಿನ್ನುವ ಸಿಹಿ ಇಡಿ. ಉತ್ತರಗಳು ಚದುರುವವರೆಗೂ ಹೀಗೆ ತಿದ್ದುತ್ತಾ ಹೋಗಿ.

ಹಂತ 9: ಮನುಷ್ಯರನ್ನು ನಿಲ್ಲಿಸಿ

ವಿವರಿಸುವ ಗೈಡ್ ಬೇಡ. ಒಬ್ಬರನ್ನೊಬ್ಬರಿಗೆ ಜೋಡಿಸುವವರು ಬೇಕು. ‘ಅವರು ನಿಮ್ಮ ಉಲ್ಟಾ ಆರಿಸಿದ್ದಾರೆ, ಯಾಕಂತೆ ಕೇಳ್ತೀರಾ?’ ಎನ್ನುವ ಧೈರ್ಯವಿರುವ ವಾಲಂಟಿಯರ್. ಅವರಿಗೆ ಮೂರು ಮಾತು ಕಲಿಸಿದರೆ ಸಾಕು: ಜೋಡಿಸುವ ಮಾತು, ‘ಇದರಿಂದ ಯಾರಿಗೆ ತೊಂದರೆಯಾಗಬಹುದು?’ ಎಂಬ ಮಾತು, ಜಗಳ ಬಿಸಿಯಾದರೆ ತಣಿಸುವ ಮಾತು. ತಮ್ಮ ಅಭಿಪ್ರಾಯವನ್ನು ಕೇಳಿದರೂ ಅವರು ಕೊನೆಗೆ ಹೇಳಲಿ.

ಡೆನ್ಮಾರ್ಕಿನಲ್ಲಿ 2000ದಲ್ಲಿ ಶುರುವಾದ ‘ಹ್ಯೂಮನ್ ಲೈಬ್ರರಿ’ಯಲ್ಲಿ ಪುಸ್ತಕದ ಬದಲು ಮನುಷ್ಯರನ್ನೇ ಸ್ವಲ್ಪ ಹೊತ್ತಿಗೆ ‘ಎರವಲು’ ಪಡೆದು ಮಾತಾಡಿಸಬಹುದು. ನಿಮ್ಮಲ್ಲೂ ವಾರಕ್ಕೊಂದು ಮಧ್ಯಾಹ್ನ ಇದನ್ನು ಮಾಡಿ. ಎರಡನೇ ಹಂತದಲ್ಲಿ ಮಾತಾಡಿಸಿದ ನರ್ಸ್ ಒಂದು ಕುರ್ಚಿಯಲ್ಲಿ ಕೂತರೆ, ಅವರ ಎದುರಿನ ಕುರ್ಚಿ ಖಾಲಿ ಉಳಿಯುವುದಿಲ್ಲ.

ಬರೆದ ಚೀಟಿಗಳನ್ನು ದಿನಕ್ಕೆರಡು ಸಲ ನೋಡಿ. ಬೈಗುಳ, ಯಾರದೋ ಹೆಸರು, ಫೋನ್ ನಂಬರ್ ಇದ್ದರೆ ತೆಗೆಯಿರಿ. ಒರಟಾದ ಆದರೆ ಪ್ರಾಮಾಣಿಕವಾದ ಮಾತನ್ನು ತೆಗೆಯಬೇಡಿ. ಯಾವುದನ್ನು ತೆಗೆಯುತ್ತೀರಿ ಎಂಬ ನಿಯಮವನ್ನು ಅಲ್ಲೇ ಬರೆದು ಅಂಟಿಸಿ, ಇಲ್ಲದಿದ್ದರೆ ‘ನಮ್ಮ ಮಾತು ಮುಚ್ಚಿಟ್ಟರು’ ಎಂಬ ಅನುಮಾನ ಬರುತ್ತದೆ. ಈ ವಿಷಯದಲ್ಲಿ ಕಣ್ಣೀರೂ ಬರುತ್ತದೆ. ಸುಮ್ನೆ ಕೂರಲು ಒಂದು ಮೂಲೆ ಇಟ್ಟಿರಿ.

ಹಂತ 10: ಲೆಕ್ಕ ಹಾಕಿ, ಉತ್ತರಗಳನ್ನು ತಲುಪಿಸಿ

ಎಷ್ಟು ಜನ ಬಂದರು ಎಂಬುದು ಸುಲಭದ ಲೆಕ್ಕ, ಅದರಿಂದ ತಿಳಿಯುವುದು ಕಡಿಮೆ. ದಿನದಲ್ಲಿ ಕೆಲವು ಸಲ ಹತ್ತು ಹತ್ತು ನಿಮಿಷ ಒಂದು ಕಡೆ ನಿಂತು ಬರೆದುಕೊಳ್ಳಿ: ಎಷ್ಟು ಜೋಡಿ ಮಾತಾಡಿದರು, ಅದರಲ್ಲಿ ಅಪರಿಚಿತರು ಎಷ್ಟು, ಯಾರಾದರೂ ಮರಳಿ ಬಂದು ಗುಂಡಿ ತಿರುಗಿಸಿದರಾ. ಹೊರಗೆ ಹೋಗುವವರಿಗೆ ‘ಹೇಗಿತ್ತು?’ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ‘ಬೇರೆಯವರು ಹೇಳಿದ ಯಾವ ಮಾತು ನೆನಪಿದೆ?’ ಎಂದು ಕೇಳಿ.

ಉತ್ತರಗಳು ಯಾರಿಗೆ ಹೋಗಬೇಕು ಎಂಬುದನ್ನು ಪ್ರದರ್ಶನ ಶುರುವಾಗುವ ಮೊದಲೇ ಗೊತ್ತುಮಾಡಿ. ಸ್ಥಳೀಯ ಆಡಳಿತದ ಹಿರಿಯರ ಕಲ್ಯಾಣ ಸಮಿತಿಯೋ, ಆಸ್ಪತ್ರೆಯ ಆಡಳಿತವೋ, ತೀರ್ಮಾನ ಮಾಡುವ ಯಾರೋ ಒಬ್ಬರು ‘ಓದುತ್ತೇವೆ’ ಎಂದು ಒಪ್ಪಿಕೊಂಡಿರಲಿ. ಸಾಧ್ಯವಾದರೆ ಅವರನ್ನೇ ಒಂದು ದಿನ ಕರೆಸಿ, ಇಬ್ಬರು ಆಡುವ ಮೇಜಿನಲ್ಲಿ ಅಜ್ಜಿಯ ಕಡೆ ಕೂರಿಸಿ. ಬಂದವರ ಅಭಿಪ್ರಾಯ ಇಡೀ ಊರಿನ ಅಭಿಪ್ರಾಯವೇನಲ್ಲ, ಬರಲು ಬಿಡುವಿದ್ದವರದ್ದು ಮಾತ್ರ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಾಗಾಗಿ ಶೇಕಡಾವಾರು ಲೆಕ್ಕಕ್ಕಿಂತ ಕಾರಣಗಳಿಗೆ ಜಾಸ್ತಿ ಜಾಗ ಕೊಡಿ. ಜನ ಎಲ್ಲಿ ಎರಡು ಪಾಲಾದರು, ಯಾಕೆ, ಎರಡೂ ಕಡೆಯವರು ಒಪ್ಪಿದ್ದು ಏನಾದರೂ ಇತ್ತಾ. ನಾಲ್ಕು ಪುಟ ಮೀರದಿರಲಿ, ನಡುವೆ ಕೈಬರಹದ ಚೀಟಿಗಳ ಫೋಟೋ ಇರಲಿ.

ವರದಿ ಕೊಡುವಾಗಲೇ ಉತ್ತರಕ್ಕೆ ಒಂದು ತಾರೀಖು ಕೇಳಿ ಪಡೆಯಿರಿ. ಆ ತಾರೀಖನ್ನು ಪ್ರದರ್ಶನದ ಬಾಗಿಲಲ್ಲಿ ಹಾಕಿ, ವಿಳಾಸ ಬಿಟ್ಟುಹೋದವರಿಗೂ ಕಳಿಸಿ. ಅವತ್ತು ಉತ್ತರ ಬಂದರೆ ಅದನ್ನು ಇದ್ದಹಾಗೇ ಅಲ್ಲೇ ಅಂಟಿಸಿ. ಬಾರದಿದ್ದರೆ ಬಂದಿಲ್ಲ ಎಂದು ಬರೆದು ಅಂಟಿಸಿ.